ಸೊಸೆ ರೋಮಿಗೆ ಹೋಗಿದ್ದಾಳೆ

ಗೊರೇಬಾಳ
19 ಜುಲೈ 2025

ಪ್ರೀತಿಯ ಅಮ್ಮಾ,

ನಾನು ಪಾಸಾದೆ! ಉಳಿದಿದ್ದ ಆ ಒಂದೇ ಒಂದು ವಿಷಯವೂ ಮುಗಿಯಿತು, ನಿನ್ನ ಮಗಳು ಈಗ ಪೂರ್ತಿ ಪದವೀಧರೆ! ನಿನ್ನೆ ಫಲಿತಾಂಶ ನೋಡಿ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ರಮಜಾನಬಿ ಕೈಯಲ್ಲಿ ಸೂಜಿ ಹಿಡಿದುಕೊಂಡೇ ಓಡಿ ಬಂದಳು. ಈ ವರ್ಷವೇ ಮದುವೆಯಾದವಳು ಸಿಹಿಸುದ್ದಿ ಎಂದು ಕುಣಿದರೆ ಯಾರಾದರೂ ಏನೆಂದುಕೊಳ್ಳುತ್ತಾರೆ ಹೇಳು? ನೇರ ನನ್ನ ಹೊಟ್ಟೆಯನ್ನೇ ನೋಡಿ, "ಎಷ್ಟರಾಗ ಐತಿ ಬೇಟಿ?" ಎಂದಳು. "ಅದಲ್ಲ ಖಾಲಾ, ಗ್ರೀಸು, ರೋಮು..." ಎಂದೆ. "ಅಯ್ಯ, ಇಷ್ಟ ಏನು!" ಎಂದು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೊರಟೇ ಹೋದಳು. ನೀನಾದರೂ ಕುಣಿಯಬೇಕು ಅಮ್ಮಾ.

ಫೋನ್ ಮಾಡದೆ ಯಾಕೆ ಬರೆಯುತ್ತಿದ್ದೇನೆ ಎಂದು ನೀನು ಕೇಳುತ್ತೀ. ಕಾರಣವಿದೆ. ರೋಮಿನವರು ಬ್ರಿಟನ್ನಿನ ತುದಿಯಲ್ಲಿ ಒಂದು ಚಳಿಯ ಕೋಟೆ ಕಟ್ಟಿಕೊಂಡಿದ್ದರಂತೆ. ಅಲ್ಲಿಗೆ ಇನ್ನೊಂದು ಠಾಣ್ಯದಿಂದ ಒಬ್ಬ ಅಧಿಕಾರಿಯ ಹೆಂಡತಿ ತನ್ನ ಗೆಳತಿಗೆ, ನನ್ನ ಹುಟ್ಟುಹಬ್ಬಕ್ಕೆ ಬಾ, ನೀನು ಬಂದರೇ ಆ ದಿನಕ್ಕೆ ಕಳೆ ಎಂಬಂತೆ ಬರೆದಿದ್ದಾಳೆ. ಕಾಗದದ ಮೇಲಲ್ಲ, ಮರದ ತೆಳ್ಳನೆಯ ಚಕ್ಕೆಯ ಮೇಲೆ, ಶಾಯಿಯಲ್ಲಿ. ಬಹುಪಾಲು ಬರಹ ಬೇರೆ ಯಾರೋ ಗುಮಾಸ್ತರ ಕೈಯದು. ಕೊನೆಯ ನಾಲ್ಕು ಪ್ರೀತಿಯ ಮಾತು ಮಾತ್ರ ಅವಳದೇ ಸೊಟ್ಟ ಅಕ್ಷರ. ಸುಮಾರು ಎರಡು ಸಾವಿರ ವರ್ಷ ಮಣ್ಣಿನಡಿ ಉಳಿದಿದ್ದ ಆ ಚಕ್ಕೆಯ ಚಿತ್ರ ಪಾಠದಲ್ಲಿ ತೋರಿಸಿದಾಗ ನಾನು ಅತ್ತೇಬಿಟ್ಟೆ. ಫೋನಿನಲ್ಲಿ ಆಡಿದ ಮಾತು ಯಾವ ಮಣ್ಣಿನಲ್ಲಿ ಉಳಿಯುತ್ತದೆ? ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ ಅಕ್ಷರ ನೋಡಿ ನಗಬೇಡ, ಇದು ಪೂರ್ತಿ ನನ್ನದೇ ಕೈ.

ಇನ್ನೊಂದು ಕಾರಣ, ಫೋನಿನಲ್ಲಿ ನಿನಗೆ ಒಂದು ಸುಳ್ಳು ಹೇಳಿದ್ದೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ಮದುವೆಯ ದಿನ ನೆನಪಿದೆಯಾ? ಸಿಂಧನೂರಿನ ಆ ಕಲ್ಯಾಣ ಮಂಟಪದ ಸಣ್ಣ ಕೋಣೆ. ಗಂಡಿನ ಕಡೆಯಿಂದ ಬರಬೇಕಾದ ಮಲ್ಲಿಗೆ ದಂಡೆ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ನೀನು ಕೆಂಡವಾಗಿದ್ದೆ. ಆ ಸಿಟ್ಟಿನಲ್ಲೇ ನನ್ನ ಗದ್ದ ಹಿಡಿದು, "ಓದು ಅರ್ಧಕ್ಕ ಬಿಟ್ಟು ಹೊಂಟೀ. ಭತ್ತದ ಮಂದಿ, ನಿನ್ನ ಪುಸ್ತಕ ಒಲೀಗೆ ಹಾಕ್ತಾರ ನೋಡತಿರು. ಡಿಗ್ರಿ ಮುಗಿಸಲಾರದ ನನ್ನ ಹೊಸ್ತಿಲಾ ತುಳೀಬ್ಯಾಡ. ಪಂಚಮಿಗೂ ಬರಬ್ಯಾಡ" ಎಂದೆ. ನಿನ್ನ ಕಣ್ಣಲ್ಲಿ ನೀರಿತ್ತು. ಹಾಗಾಗಿಯೇ ನನಗೆ ಹೆದರಿಕೆಯಾಯಿತು. ನೀನು ನಗುತ್ತ ಬೈದದ್ದು ಮರುದಿನ ಮರೆಯುತ್ತೀ, ಅಳುತ್ತ ಹೇಳಿದ್ದನ್ನು ಎಂದೂ ಬಿಟ್ಟವಳಲ್ಲ. ಮದುವೆಯಾದ ಮೊದಲ ಪಂಚಮಿಗೆ ತವರಿಗೆ ಬಾರದ ಹುಡುಗಿ ಈ ಊರಲ್ಲಿ ಯಾರಿದ್ದಾರೆ? ಆವತ್ತಿನಿಂದ ನನಗೆ ಗ್ರೀಸು, ರೋಮು ಎಂದರೆ ಗದಗಿನ ನಮ್ಮ ಮನೆಯ ಹೊಸ್ತಿಲೇ ಆಗಿಹೋಯಿತು.

ಆದರೆ ಅಮ್ಮಾ, ಆ ವಿಷಯ! ಹಳೆಯ ಕಾಲದಿಂದ ಮಧ್ಯಯುಗದವರೆಗೆ ಪಶ್ಚಿಮದ ಕಲೆ, ವಿಚಾರ, ನಾಟಕ, ಗುಡಿ, ಎಲ್ಲ. ಸುಲಭವೆಂದು, ಮನೆಯಿಂದಲೇ ಆನ್‌ಲೈನಿನಲ್ಲಿ ಓದಬಹುದೆಂದು ಆರಿಸಿಕೊಂಡಿದ್ದು, ಈಗ ಅದರ ಹುಚ್ಚು ಹಿಡಿದಿದೆ. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ಅತ್ತೆ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದರೆ ನಾನು ಅಥೆನ್ಸಿನಲ್ಲಿರುತ್ತಿದ್ದೆ. ಅಲ್ಲಿನ ಜನ, ತೀರ ಬಲಿತುಬಿಟ್ಟ ಯಾರನ್ನಾದರೂ ಊರು ಬಿಡಿಸಬೇಕಾದರೆ ಒಡೆದ ಗಡಿಗೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರಂತೆ. ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಿರುವುತ್ತ, "ನಮ್ಮ ಪಂಚಾಯ್ತ್ಯಾಗ ಹಂಗ ಮಾಡಿದ್ರ ಊರಾಗ ಒಂದು ಗಡಿಗಿ ಉಳಿಯಾಂಗಿಲ್ಲ ತಗೀ" ಎಂದರು.

ಇವರಿಗೆ (ಹೆಸರು ಬರೆಯಲು ಇನ್ನೂ ನಾಚಿಕೆ, ವೀರೇಂದ್ರ ಅವರಿಗೆ!) ರೋಮಿನ ನೀರಿನ ಕಮಾನುಗಳ ಚಿತ್ರ ತೋರಿಸಿದೆ. ಬೆಟ್ಟದ ನೀರು ಕಲ್ಲಿನ ಕಮಾನುಗಳ ಮೇಲೆ, ಕಂಡೂ ಕಾಣದ ಇಳಿಜಾರಿನಲ್ಲಿ, ಹರದಾರಿಗಟ್ಟಲೆ ಹರಿದು ಪಟ್ಟಣ ಸೇರುತ್ತಿತ್ತು ಎಂದು ಕವಿತೆ ಓದುವಂತೆ ಹೇಳಿದೆ. ಕಾಲುವೆಯ ನೀರು ನೋಡಿ ಆಗಷ್ಟೇ ಬಂದಿದ್ದರು, ಕಾಲಿನ ಕೆಸರೂ ಆರಿರಲಿಲ್ಲ. "ಟೇಲೆಂಡಿಗೆ ಮುಟ್ಟತಿತ್ತಾ? ಕೊನೀ ಹೊಲಕ್ಕ?" ಎಂದರು. ನಾನು ಹುಡುಕಿ ಓದಿದೆ. ದಾರಿಯುದ್ದಕ್ಕೂ ಜನ ತೂತು ಕೊರೆದು ನೀರು ಕದಿಯುತ್ತಿದ್ದರಂತೆ! "ಹಂಗಾರ ನಮ್ಮವರs ಬಿಡು" ಎಂದು ನಕ್ಕರು. ಎಷ್ಟು ಚೆನ್ನಾಗಿ ನಗುತ್ತಾರೆ ಗೊತ್ತಾ? ಇರಲಿ, ಅದು ಬೇರೆ ಕಾಗದಕ್ಕೆ.

ಹೊಸ ಮದುಮಗಳ ಮನೆಯಲ್ಲಿ ಓದುವುದು ಸುಮ್ಮನೆ ಅಲ್ಲ. ದಢೇಸುಗೂರಿನವರು ಬಂದರು, ವಳಕಮದಿನ್ನಿಯವರು ಬಂದರು, ಎಲ್ಲರಿಗೂ ಸೊಸೆಯ ಮುಖ ನೋಡಬೇಕು. ಸೊಸೆ ಕೋಣೆಯ ಬಾಗಿಲು ಮುಚ್ಚಿಕೊಂಡಿದ್ದಾಳೆ ಎಂದರೆ ಸಾಕು, ಊರು ಕಥೆ ಕಟ್ಟುತ್ತದೆ. ಹಾಗಾಗಿ ನನ್ನ ಅತ್ತೆ ಶೇಖರಮ್ಮ, ನೀನು ಮದುವೆಯಲ್ಲಿ 'ಮಾತು ಕಮ್ಮಿ, ಮೂಗು ಮ್ಯಾಲ' ಎಂದಿದ್ದೆಯಲ್ಲ ಅವರೇ, ಅಡಕೊತ್ತು ಹಿಡಿದು ಕಟ್ಟೆಯ ಮೇಲೆ ಕಾವಲು ಕೂತರು. ಬಂದವರಿಗೆಲ್ಲ ಒಂದೇ ಮಾತು: "ನಮ್ಮ ಸೊಸಿ ರೋಮಿಗೆ ಹೋಗ್ಯಾಳ. ಸಂಜೀಕ ಬರ್ತಾಳ, ಆಮ್ಯಾಗ ಬರ್ರಿ." ನಗಲಿಲ್ಲ, ಕಣ್ಣು ಹೊಡೆಯಲಿಲ್ಲ. ದಢೇಸುಗೂರಿನ ಅಜ್ಜಿಯೊಬ್ಬಳು, "ಒಬ್ಬಾಕೀನs ಕಳಿಸೀರೇನ?" ಎಂದು ನಿಜಕ್ಕೂ ಗಾಬರಿಯಾದಳಂತೆ.

ಈಗ ಆ ಸುಳ್ಳು. ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಜೂನಿನಲ್ಲಿ ಹೇಳಿದ್ದೆನಲ್ಲ, ಮುಂದಕ್ಕೆ ಹೋಗಿರಲಿಲ್ಲ. ರದ್ದಾಗಿತ್ತು.

ಕ್ಯಾಮೆರಾ ಎದುರು ಒಬ್ಬಳೇ ಕೂತು ಬರೆಯುವ ಪರೀಕ್ಷೆ ಅದು. ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿದರೆ ಮುಗಿಯಿತು. ಅದೇ ದಿನ ಪಡಸಾಲೆಯಲ್ಲಿ ನನ್ನ ಕೌದಿ ಮುಗಿಯುತ್ತಿತ್ತು. ಹೊಸ ಸೊಸೆಗೆ ಎರಡೂ ಮನೆಯ ಹಳೆಯ ಸೀರೆ ಸೇರಿಸಿ ಕೌದಿ ಹೊಲಿಯುವುದು ಈ ಮನೆಯ ಪದ್ಧತಿ. ಹೊಲಿಗೆ ಮುಗಿದ ಮೇಲೆ ಒಂದು ಮೂಲೆಯ ಬಾಯಿ ತೆರೆದಿಟ್ಟು, ಸೊಸೆಯ ಕೈಯಿಂದಲೇ ಒಂದು ಚೂರು ಹೋಳಿಗೆ ಒಳಗಿಡಿಸಿ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತ. ಮುಗಿದ ಕೌದಿಯನ್ನು ಕಾಯಿಸಬಾರದು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ.

ನಾನು ಕೊನೆಯ ಪ್ರಶ್ನೆಯಲ್ಲಿದ್ದೆ. ಊರನ್ನೆಲ್ಲ ಹೊರಗೆ ತಡೆದ ಕಾವಲುಗಾರ್ತಿಯೇ ಬಾಗಿಲು ನೂಕಿಕೊಂಡು ಬಂದರು. ಕೈಯಲ್ಲಿ ತಾಟು, ತಾಟಿನಲ್ಲಿ ಹೋಳಿಗೆ. "ಏಳವಾ, ಕೌದಿ ಹಸದೈತಿ! ಒಂದು ತುತ್ತು ಇಟ್ಟು ಬಾ, ರೋಮು ಎಲ್ಲೀ ಹೋಗಾಂಗಿಲ್ಲ." ಪರದೆ ಕೆಂಪಾಯಿತು. ಎರಡನೆಯ ವ್ಯಕ್ತಿ, ಪರೀಕ್ಷೆ ರದ್ದು, ಮುಂದಿನ ಅವಕಾಶ ಮುಂದಿನ ವರ್ಷ.

ನಾನು ಅಳುತ್ತಲೇ ಕೌದಿಗೆ ಹೋಳಿಗೆ ಇಟ್ಟೆ. ಏನಾಯಿತೆಂದು ಇವರು ಬಂದು ಬಿಡಿಸಿ ಹೇಳಿದ ಮೇಲೆ ಅತ್ತೆ ಅಡಕೆ ಕತ್ತರಿಸುವುದು ಬಿಟ್ಟು ಅಡಕೊತ್ತು ಕೆಳಗಿಟ್ಟರು. "ಬ್ಯಾರೇದವರು ಬರಬಾರದು ಅಂದ್ರು ಅಂತ ತಿಳದಿದ್ದೆ. ನಾನೂ ಬ್ಯಾರೇದಾಕೀನಾ?" ಎಂದರು. ಆಮೇಲೆ ಮೆಲ್ಲಗೆ, "ಹಂಗಾರ ಪಂಚಮಿಗೆ?" ಎಂದರು.

ನಮ್ಮ ಪಾಠದ ಮೇಡಂಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ನಂಬುತ್ತಾರೆಂದು ಅಂದುಕೊಂಡಿರಲಿಲ್ಲ. ಕಂಬಳಿಗೆ ಊಟ ಹಾಕಲು ಎದ್ದೆ ಎಂದರೆ ಯಾರು ನಂಬುತ್ತಾರೆ? ಅವರು ಮೌಖಿಕ ಪರೀಕ್ಷೆಗೆ ಒಪ್ಪಿದರು, ಒಂದೇ ಸಲ, ಆ ವಸ್ತುವನ್ನೂ ತೋರಿಸಬೇಕು ಎಂದು. ಆ ವಾರ ಗಾಳಿಗೆ ಗೊರೇಬಾಳದಲ್ಲಿ ನೆಟ್‌ವರ್ಕ್ ಸತ್ತಿತ್ತು. ಮಸ್ಕಿಯಲ್ಲಿ ನಾದಿನಿ ಗಂಗಾಳ ಮನೆಗೆ ಹೊರಟೆವು, ನಾನು, ಅತ್ತೆ, ಕೌದಿ. ಬಸ್ಸಿನಲ್ಲಿ ಕೌದಿ ತೊಡೆಯ ಮೇಲೆ. ಕಂಡಕ್ಟರ್, "ಬಾಣಂತನಕ್ಕೇನ್ರಿ?" ಎಂದ. "ಪರೀಕ್ಷಾಕ" ಎಂದರು ಅತ್ತೆ.

ಗಂಗಾಳ ಮನೆಯ ಕಿಟಕಿಯಿಂದ ಮಸ್ಕಿಯ ಗುಡ್ಡ ಕಾಣುತ್ತದೆ. ಚಿಕ್ಕಂದಿನಲ್ಲಿ ನಾವು ಲಿಂಗಸುಗೂರಿನಲ್ಲಿದ್ದಾಗ ಶಾಲೆಯಿಂದ ನಮ್ಮನ್ನು ಅಶೋಕನ ಶಾಸನ ನೋಡಲು ಕರೆದುಕೊಂಡು ಹೋಗಿದ್ದಾಗ ನಾನು ಆ ಬಂಡೆ ಬಿಟ್ಟು ಬುತ್ತಿಯನ್ನೇ ನೋಡುತ್ತಿದ್ದೆ. ಈಗ ನೋಡಿದರೆ ಮೈ ಜುಂ ಎಂದಿತು. ಅಲ್ಲಿ ಗ್ರೀಸಿನವರು ಕಲ್ಲು ಕಡೆಯುತ್ತಿದ್ದ ಕಾಲದಲ್ಲೇ ಇಲ್ಲಿ ನಮ್ಮ ಗುಡ್ಡದ ಮೇಲೂ ಯಾರೋ ಉಳಿ ಹಿಡಿದು ಕೂತಿದ್ದ!

ಮೇಡಂ ಪರದೆಯಲ್ಲಿ ಕಾಣಿಸಿಕೊಂಡದ್ದೇ ತಡ, ಅತ್ತೆ ನನ್ನನ್ನು ಸರಿಸಿ ಎದುರು ಕೂತರು. "ತಪ್ಪು ನಂದ್ರೀ. ಹುಡುಗಿ ನನ್ನ ಕಡೆ ಒಂದು ಅಕ್ಷರಾನೂ ಕೇಳಿಲ್ಲ, ನನಗ ಬರಾಂಗೂ ಇಲ್ಲ. ಹಸದದ್ದು ಇದು ನೋಡ್ರಿ" ಎಂದು ಕೌದಿಯ ಮೂಲೆ ಎತ್ತಿ ಕ್ಯಾಮೆರಾಕ್ಕೆ ಹಿಡಿದರು. ಮೇಡಂ ನಕ್ಕರು, ಆಮೇಲೆ ನಗು ನಿಲ್ಲಿಸಿ ನನಗೆ ಕೇಳಿದರು: ಮಧ್ಯಯುಗದ ಆ ದೊಡ್ಡ ಚರ್ಚುಗಳನ್ನು ಮೂರು ಮೂರು ತಲೆಮಾರು ಕಟ್ಟಿದವರು ಹೆಸರು ಬಿಟ್ಟು ಹೋಗಲಿಲ್ಲವಲ್ಲ, ಅವರ ಗುರುತು ಎಲ್ಲಿದೆ?

ಓದಿದ್ದೆಲ್ಲ ತಲೆಯಿಂದ ಹಾರಿಹೋಯಿತು ಅಮ್ಮಾ. ಕೈ ಕೌದಿಯ ಹೊಲಿಗೆಯ ಮೇಲೆ ಹೋಯಿತು. ಅತ್ತೆಯ ಹೊಲಿಗೆ ಓರೆ, ರಮಜಾನಬಿಯದು ಜೀರಿಗೆಯಷ್ಟು ಸಣ್ಣ. ಹೆಸರಿಲ್ಲ, ಆದರೆ ಯಾವ ಸಾಲು ಯಾರದೆಂದು ಈ ಓಣಿಗೆಲ್ಲ ಗೊತ್ತು. ಆಗ ನೆನಪಾಯಿತು, ಆ ಕಲ್ಲುಕುಟಿಗರು ತಾವು ಕಡೆದ ಕಲ್ಲಿನ ಮೇಲೆ ಒಂದು ಬಾಣ, ಒಂದು ನಕ್ಷತ್ರ, ಹೀಗೆ ತಮ್ಮ ಗುರುತು ಕೊರೆಯುತ್ತಿದ್ದರು. ಅಲ್ಲಿಂದ ಮಾತು ಹೊರಟಿತು ನೋಡು, ಬಣ್ಣದ ಗಾಜಿನ ಕಿಟಕಿ, ಚೂರುಗಲ್ಲಿನ ಚಿತ್ರ, ನಿಲ್ಲಿಸಲೇ ಇಲ್ಲ. ನಡುವೆ ಅತ್ತೆ ಬಾಯಿ ಹಾಕಿ, "ಮೂರು ತಲಿಮಾರು ಪಗಾರ ಯಾರು ಕೊಟ್ಟರು ಕೇಳು" ಎಂದು ಪಿಸುಗುಟ್ಟಿದ್ದು ಮೇಡಂಗೂ ಕೇಳಿಸಿತು. ಈ ಸಲ ಪರದೆ ಕೆಂಪಾಗಲಿಲ್ಲ.

ಆ ಕೌದಿಯ ನಟ್ಟನಡುವೆ ಏನಿದೆ ಗೊತ್ತಾ? ಹಳೆಯದೆಂದು ನೀನು ಮುದ್ದೆ ಮಾಡಿ ಕೊಟ್ಟಿದ್ದ ಹಸಿರು ಇಳಕಲ್ ಸೀರೆ. ಸುತ್ತ ಈ ಮನೆಯವು. ನಾನು ಹೇಳಿದ್ದಲ್ಲ, ಅತ್ತೆಯೇ ಇಟ್ಟದ್ದು.

ಪಂಚಮಿಗೆ ಬರುತ್ತಿದ್ದೇನೆ ಅಮ್ಮಾ. ಶೇಂಗಾ ಉಂಡೆ ಕಟ್ಟು, ಜೋಕಾಲಿಯ ಹಗ್ಗ ತೆಗೆದಿಡು.

ನಿನ್ನ ಹೊಸ್ತಿಲಿಗೆ ಈಗ ಹಕ್ಕುಳ್ಳ ಮಗಳು,
ಅಶ್ವಿನಿ

ಮೇಲಿನದನ್ನು ಅತ್ತೆಗೆ ಓದಿ ತೋರಿಸಿದೆ, ಇದನ್ನು ತೋರಿಸುವುದಿಲ್ಲ. ಮದುವೆಯ ದಿನ ದಂಡೆ ತಡವಾಗಿರಲಿಲ್ಲ. ಅತ್ತೆ ಅದನ್ನು ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದರು. ಒಲೆ, ಪುಸ್ತಕ, ಹೊಸ್ತಿಲು, ಎಲ್ಲ ಕೇಳಿಸಿತ್ತು. ಮಸ್ಕಿಯಿಂದ ಮರಳುವಾಗ ಹೇಳಿದರು: "ನಿಮ್ಮವ್ವ ಅಳಾಕತ್ತಿದ್ಲು. ಆವಾಗ ಒಳಗ ಬಂದಿದ್ರ ಆಕಿ ಮಾರಿ ಎಲ್ಲಿ ಇಟಗೋಬೇಕಿತ್ತು? ಹೂವು ಬಾಡಿದ್ರ ಬಾಡ್ಲಿ ಅಂತ ನಿಂತೆ." ಎರಡು ಟಿಕೆಟ್ ತೆಗೆಸಿದ್ದೇವೆ. ಎರಡನೆಯದು ಇವರದಲ್ಲ. ಬೀಗತಿ ಬಾಯಿಬಿಟ್ಟು ಕರೆಯುವ ತನಕ ತಾನೂ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಅತ್ತೆಯ ಹಟ. ಅದಕ್ಕೆ ನೀನು ಮನೆಯಲ್ಲಿ ಕಾಯಬೇಡ ಅಮ್ಮಾ, ಸ್ಟೇಷನ್ನಿಗೇ ಬಾ, ಕೈಯಲ್ಲಿ ಒಂದು ಮೊಳ ಮಲ್ಲಿಗೆ ಇರಲಿ. ಶನಿವಾರ, ಜುಲೈ ಇಪ್ಪತ್ತಾರು, ಸಿಂಧನೂರಿನಿಂದ ಬರುವ ಹುಬ್ಬಳ್ಳಿ ರೈಲು.