ಬಾಯಿ ನೇರ ಮಾಡುವ ಫೋನ್

ಭಾನುವಾರ, ಮಾರ್ಚ್ ೧೪

ಪ್ರಿಯ ಕತ್ತಲೆ,

ಹೇಗಿದ್ದೀಯ? ಬೈಯಬೇಡ ಮಾರಾಯ್ತಿ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ನೀನು ಅಲ್ಲಿ ಹಲ್ಲು ಕಡಿಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ. ಫೋಟೋ ಸ್ಟುಡಿಯೋ ಬಿಟ್ಟು ಇಷ್ಟು ವರ್ಷವಾದರೂ ನಿನ್ನನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ. ಬೆಳಗ್ಗೆ ಡಾರ್ಕ್ ರೂಮು ಹೊಕ್ಕರೆ ಸಂಜೆಯೇ ಹೊರಬರುತ್ತಿದ್ದ ನಿನಗೆ ಮಾಲೀಕರು ಇಟ್ಟ ಹೆಸರದು. ಸುಮ್ಮಸುಮ್ಮನೆ ಫ್ಲ್ಯಾಶ್ ಹೊಡೆದು ಬೈಸಿಕೊಳ್ಳುತ್ತಿದ್ದ ನಾನು ಮಿಂಚು.

ನೀನು ಕೇಳಿದ್ದು ಒಂದೇ ಮಾತು, “ಆ ಹೊಸ ಕ್ಯಾಮೆರಾ ಫೋನ್ ತಗೊಳ್ಳಲಾ, ಬೇಡವಾ?” ಫೋನ್‌ಗಳನ್ನು ಪರೀಕ್ಷಿಸಿ ಪತ್ರಿಕೆಗೆ ಬರೆಯುವುದೇ ನನ್ನ ಹೊಟ್ಟೆಪಾಡು. ನೀನು ಕೇಳಿದ ಫೋನೇ ನನ್ನ ಮೇಜಿನ ಮೇಲೆ ಕೂತಿತ್ತು. ಎರಡು ಸಾಲು ಗೀಚಿ ಕಳಿಸಬಹುದಿತ್ತು, ಆಗಲಿಲ್ಲ. ಯಾಕೆಂದು ಹೇಳುತ್ತೇನೆ, ಮೊದಲು ಫೋನಿನ ಕಥೆ ಮುಗಿಸಿಬಿಡುತ್ತೇನೆ.

ಇದು ಕ್ಯಾಮೆರಾ ಇರುವ ಫೋನಲ್ಲ, ಫೋನ್ ಅಂಟಿಸಿಕೊಂಡಿರುವ ಕ್ಯಾಮೆರಾ. ಬೆನ್ನ ಮೇಲೆ ಡಬ್ಬಿಯ ಮುಚ್ಚಳದಷ್ಟು ದೊಡ್ಡ ಲೆನ್ಸು, ಹಾಗಾಗಿ ಮೇಜಿನ ಮೇಲಿಟ್ಟರೆ ಕುಂಟುತ್ತದೆ. ಪಕ್ಕದಲ್ಲಿ ನಿಜವಾದ ಶಟರ್ ಗುಂಡಿ ಇದೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಚಿತ್ರ. ಅದನ್ನು ಮೊದಲ ಸಲ ಒತ್ತಿದಾಗ ನನ್ನ ಕಣ್ಣು ತುಂಬಿ ಬಂತು, ನಗಬೇಡ. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆಯ ಕಣ್ಣನ್ನೂ ಎಳೆದು ತಂದು ತೋರಿಸುತ್ತದೆ. ಮೆಟ್ಟಿಲ ಕೆಳಗಿನ ಮಬ್ಬಿನಲ್ಲಿ ಚಪ್ಪಲಿ ಗೂಡಿನ ಚಿತ್ರ ತೆಗೆದೆ, ಚಪ್ಪಲಿಯ ಹೊಲಿಗೆ ಕೂಡ ಎಣಿಸಬಹುದು. ಆದರೆ ಯಾರಿಗಾದರೂ ಕರೆ ಮಾಡಿದರೆ ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ಮತ್ತೆ ಸ್ವಲ್ಪ ಹೊತ್ತು ವಿಡಿಯೋ ತೆಗೆದರೆ ಸಾಕು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಇನ್ನು ಉಳಿದದ್ದು ಮುಖಗಳು. ಅಲ್ಲೇ ನಾನು ಮೋಸ ಹೋದದ್ದು.

ನಮ್ಮ ಮನೆಯವರ ವಿಷಯ ನಿನಗೆ ಅರ್ಧಂಬರ್ಧ ಹೇಳಿದ್ದೆ. ಚಳಿಗಾಲದ ಶುರುವಿನಲ್ಲಿ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ನಿಲ್ಲಲಿಲ್ಲ, ಎಡಗಡೆಯಿಂದ ಸೋರಿಹೋಯಿತು. ನೋಡಿದರೆ ಮುಖದ ಆ ಅರ್ಧ ಜೋತುಬಿದ್ದಿದೆ. ಲಕ್ವ ಎಂದು ನನ್ನ ಜೀವವೇ ಹೋಗಿತ್ತು. ಡಾಕ್ಟರು ಮುಖದ ನರ ಊದಿಕೊಂಡಿದೆ ಅಷ್ಟೇ, ಹೆಚ್ಚಿನವರಿಗೆ ವಾಸಿಯಾಗುತ್ತದೆ, ಆದರೆ ದಿನವೂ ಕನ್ನಡಿ ನೋಡಿಕೊಂಡು ವ್ಯಾಯಾಮ ಮಾಡಬೇಕು ಎಂದರು. ಹುಬ್ಬು ಏರಿಸುವುದು, ತುಟಿ ಕೂಡಿಸುವುದು, ಆ, ಈ, ಊ ಎನ್ನುವುದು, ಹೀಗೆ.

ಇವರ ಕೆಲಸ ಗೊತ್ತಲ್ಲ ನಿನಗೆ, ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ ಫ್ರೇಮು ಆರಿಸಿಕೊಡುವುದು. ಅಂಗಡಿಯ ಯಜಮಾನರು ನಯವಾಗಿಯೇ, “ಸ್ವಲ್ಪ ದಿನ ಒಳಗಡೆ ಗಾಜು ಉಜ್ಜೋ ಕೆಲಸ ನೋಡ್ಕೊಳ್ಳಿ, ಗಿರಾಕಿಗಳು ಗಾಬರಿ ಆಗ್ತಾರೆ” ಅಂದರಂತೆ. ಮನೆಗೆ ಬಂದು ಇವರು ಅದನ್ನೇ ತಮಾಷೆ ಮಾಡಿ ಹೇಳಿದರು. ಆಮೇಲೆ ಮಲಗುವ ಕೋಣೆಯ ಕನ್ನಡಿಯನ್ನು ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಇಟ್ಟರು. ವ್ಯಾಯಾಮ ಮಾಡಿ ಅಂದರೆ, “ನಾಳೆಯಿಂದ ಮಾಡ್ತೀನಿ ಬಿಡೇ” ಎನ್ನುತ್ತಿದ್ದರು.

ಆಗಲೇ ಈ ಫೋನ್ ಬಂದದ್ದು. ಹೊಸ ಕ್ಯಾಮೆರಾವನ್ನು ಚೆನ್ನಾಗಿ ಬಲ್ಲ ಮುಖದ ಮೇಲೆ ಪರೀಕ್ಷಿಸಬೇಕು ಎಂದು ಸ್ಟುಡಿಯೋ ಮಾಲೀಕರು ನಮ್ಮಿಬ್ಬರ ತಲೆ ತಿನ್ನುತ್ತಿದ್ದರಲ್ಲ, ಆ ಚಾಳಿ ನನಗೆ ಇನ್ನೂ ಹೋಗಿಲ್ಲ. ಒಪ್ಪುತ್ತಾರೋ ಇಲ್ಲವೋ ಎಂದು ಅಳುಕುತ್ತಲೇ ಕೇಳಿದೆ. ಒಪ್ಪಿದರು. ಮುಂದಿನ ಕ್ಯಾಮೆರಾ ಹಾಕಿ, ಸ್ಟ್ಯಾಂಡಿನಲ್ಲಿ ಫೋನ್ ನಿಲ್ಲಿಸಿ, ಇವರನ್ನು ಕಿಟಕಿಯ ಪಕ್ಕ ಕೂರಿಸಿದೆ. ಪರದೆಯ ಮೇಲೆ ಮುಖ ಮೂಡಿತು ನೋಡು. ಜೋತುಬಿದ್ದ ತುಟಿಯ ತುದಿ ಸ್ವಲ್ಪ ಮೇಲೆ ಬಂದಿದೆ!

“ನೋಡ್ರೀ, ಬಾಯಿ ನೇರ ಆಗ್ತಾ ಇದೆ!” ಎಂದು ಕಿರುಚಿದೆ. ಇವರು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಹೌದಲ್ಲ” ಅಂದರು.

ಅವತ್ತಿನಿಂದ ಒಂದು ದಿನ ತಪ್ಪಲಿಲ್ಲ. ಬೆಳಗ್ಗೆ ಹಲ್ಲುಜ್ಜಿದ ಕೂಡಲೇ ತಾವೇ ಸ್ಟ್ಯಾಂಡ್ ಜೋಡಿಸಿ, “ಬಾರೇ, ಶುರು ಮಾಡೋಣ” ಎಂದು ಕರೆಯುತ್ತಿದ್ದರು. ನಾನು ಹೆಗಲಿಗೆ ಹೆಗಲು ತಾಗಿಸಿ ಕೂತು ಪರದೆ ನೋಡುತ್ತಾ, ಹುಬ್ಬು ಏರಿಸಿ, ಈಗ ಇಳಿಸಿ ಎನ್ನುತ್ತಿದ್ದೆ. ಎಷ್ಟೋ ವಾರಗಳ ಮೇಲೆ ಇಬ್ಬರೂ ಬಾಯ್ತುಂಬ ನಕ್ಕದ್ದು ಆಗಲೇ. ಪತ್ರಿಕೆಯ ಬರಹದಲ್ಲಿ ಮುಖಚಿತ್ರಕ್ಕೆ ಪೂರ್ತಿ ಅಂಕ ಕೊಟ್ಟೆ. ಸಂಪಾದಕರು, “ನೀವು ಹೀಗೆ ಹೊಗಳಿದ್ದು ನಾನು ನೋಡೇ ಇಲ್ಲ” ಅಂದರು.

ಹೋದ ವಾರ ವ್ಯಾಯಾಮ ಹೇಳಿಕೊಡುವ ಆಸ್ಪತ್ರೆಯ ಹುಡುಗಿಯ ಬಳಿ ತೋರಿಸಲು ಹೋದೆವು. ಅವಳು ಇವರ ಕೆನ್ನೆಯ ಮೇಲೆ ಬೆರಳಿಟ್ಟು, “ಈ ಅನ್ನಿ” ಅಂದಳು. ಅಂದರು. ಮತ್ತೊಮ್ಮೆ ಅನ್ನಿಸಿದಳು. “ಮನೇಲಿ ಕನ್ನಡಿ ನೋಡ್ಕೊಂಡೇ ಮಾಡ್ತಿದ್ದಾರಾ?” ಎಂದು ನನ್ನನ್ನು ಕೇಳಿದಳು. ನಾನು ಜಂಬದಿಂದ ಫೋನ್ ತೆಗೆದು, ವ್ಯಾಯಾಮದ ಹೊತ್ತಿನಲ್ಲಿ ಅದರಲ್ಲೇ ತೆಗೆದ ವಿಡಿಯೋ ತೋರಿಸಿದೆ. ಅವಳು ವಿಡಿಯೋ ನೋಡಿದಳು, ಇವರನ್ನು ನೋಡಿದಳು.

“ಮೇಡಂ, ಇದು ಇವರ ಮುಖ ಅಲ್ಲ.”

ಬಾಯಿ ಅಗಲಿಸಿದಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತಂತೆ. ನರ ಮತ್ತೆ ಚಿಗುರುವಾಗ ದಾರಿ ತಪ್ಪಿದೆ ಎಂದಳು. “ಕನ್ನಡೀಲಿ ನೋಡ್ಕೊಂಡಿದ್ರೆ ಕಣ್ಣು ಮುಚ್ತಿರೋದು ಗೊತ್ತಾಗಿ ತಡೀತಿದ್ರು. ಈಗ ಎಷ್ಟು ಸರಿಹೋಗುತ್ತೋ ಹೇಳಕ್ಕಾಗಲ್ಲ.”

ಮನೆಗೆ ಬಂದವಳೇ ಫೋನಿನ ಸೆಟ್ಟಿಂಗ್‌ಗಳನ್ನು ಜಾಲಾಡಿದೆ. ಎಲ್ಲಕ್ಕಿಂತ ಒಳಗೆ ‘ಸಹಜ ಸಮತೋಲನ’ ಎಂಬುದೊಂದು ಅಡಗಿ ಕೂತಿತ್ತು. ಮುಖದ ಎರಡು ಪಕ್ಕಗಳನ್ನು ಒಂದಕ್ಕೊಂದು ಹೊಂದಿಸುವುದು ಅದರ ಕೆಲಸ. ಯಾರೂ ಕೇಳದೆಯೇ ಚಾಲೂ ಆಗಿರುತ್ತದೆ, ಮಾಡುತ್ತಿದ್ದೇನೆ ಎಂದು ಒಂದು ಸೊಲ್ಲು ಹೇಳುವುದಿಲ್ಲ. ಊರವರಿಗೆಲ್ಲ ಬುದ್ಧಿ ಹೇಳುವ ನನಗೆ ಅದು ಕಾಣಲಿಲ್ಲ, ಪಕ್ಕದಲ್ಲೇ ಕೂತಿದ್ದ ಮನುಷ್ಯನ ಕಣ್ಣು ಮುಚ್ಚುತ್ತಿದ್ದದ್ದೂ ಕಾಣಲಿಲ್ಲ. ಸಿಟ್ಟಿಗೆ ಆ ಫೋನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು.

ಇವರು ಅಂಗಿ ಇಸ್ತ್ರಿ ಮಾಡುತ್ತಿದ್ದರು. ತಡವರಿಸುತ್ತಾ ಎಲ್ಲ ಹೇಳಿದೆ. ತೋಳಿನ ಮಡಿಕೆ ಸರಿಮಾಡುತ್ತಲೇ, “ಗೊತ್ತಿತ್ತು” ಅಂದರು.

“ಏನು ಗೊತ್ತಿತ್ತು?”

“ಅದು ಸುಳ್ಳು ತೋರಿಸುತ್ತೆ ಅಂತ. ಮೊದಲ್ನೇ ದಿನಾನೇ ಗೊತ್ತಾಯ್ತು. ಅಂಗಡಿ ತುಂಬ ಕನ್ನಡಿನೇ ಅಲ್ವೇನೇ? ಒಳಗಡೆ ಹೋಗೋಷ್ಟರಲ್ಲಿ ನನ್ನ ಮುಖ ಎಷ್ಟು ಸಲ ಕಾಣುತ್ತೆ!”

“ಗೊತ್ತಿದ್ದೂ ಅದರ ಮುಂದೆ ಯಾಕೆ ಕೂರ್ತಿದ್ರಿ? ಮುಖ ಕೆಡಿಸ್ಕೊಳ್ಳೋಕಾ?” ಎಂದು ಕೂಗಾಡಿದೆ. ಏನೋ ಒಂದು ಹೇಳಿದರು. ಆಮೇಲೆ ಇಸ್ತ್ರಿಪೆಟ್ಟಿಗೆಯ ವಯರು ಸುತ್ತಿಟ್ಟು, ಕಾಫಿ ಕೊಡುತ್ತೀಯಾ ಎಂದು ಕೇಳಿದರು.

ಈಗ ಕನ್ನಡಿ ಮತ್ತೆ ಗೋಡೆಗೆ ಏರಿದೆ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಬರಹವನ್ನು ತಿದ್ದಿ ಕೊಟ್ಟರೆ ಸಂಪಾದಕರು, “ಇದೊಂದಕ್ಕೋಸ್ಕರ ಇಷ್ಟು ಅಂಕ ಕಳೀತೀರಾ? ಆಫ್ ಮಾಡ್ಕೊಂಡ್ರೆ ಆಯ್ತಪ್ಪ” ಅಂದರು. ಅವರ ಮಾತೂ ಸುಳ್ಳಲ್ಲ. ನಾಳೆ ಫೋನ್ ವಾಪಸು ಹೋಗುತ್ತದೆ.

ಈಗ ನಿನ್ನ ಪ್ರಶ್ನೆ. ಕೈಯಲ್ಲಿ ಕಾಸು ಆಡುತ್ತಿದ್ದರೆ ತಗೋ, ಕ್ಯಾಮೆರಾ ಮಟ್ಟಿಗೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ಡಬ್ಬಿ ಬಿಚ್ಚಿದ ಕೂಡಲೇ ಆ ಸಮತೋಲನವನ್ನು ಆಫ್ ಮಾಡಿಬಿಡು. ನಿನ್ನ ಮಗಳಿಗೆ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತದಲ್ಲ, ಅದನ್ನು ಈ ಫೋನ್ ಉಳಿಸುವುದಿಲ್ಲ. ಆ ಕೂಸಿಗೆ ನನ್ನ ಮುತ್ತು ಕೊಡು. ನೂರು ಕಾಲ ನಗುತ್ತಾ ಇರಲಿ ಅಂತ ಈ ಚಿಕ್ಕಮ್ಮ ಹರಸಿದ್ದಾಳೆ ಎಂದು ಹೇಳು. ನೀನೂ ಮಂಡಿನೋವು ಜೋಪಾನ.

ನಿನ್ನ
ಮಿಂಚು

ತಾ.ಕ.: ಇಸ್ತ್ರಿ ಮಾಡುತ್ತಾ ಇವರು ಹೇಳಿದ್ದನ್ನು ಬರೆಯದೆ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಹೇಳಿದ್ದು ಇಷ್ಟು: “ಮುಖ ಹೀಗಾದ್ಮೇಲೆ ನೀನು ಊಟಕ್ಕೆ ಕೂತ್ರೆ ತಟ್ಟೆ ನೋಡ್ತೀಯ. ನಾನು ಮಾತಾಡಿದ್ರೆ ಕಿಟಕಿ ನೋಡ್ತೀಯ. ಆ ಫೋನಲ್ಲಿ ಮಾತ್ರ ನನ್ನನ್ನ ಮೊದಲಿನ ಹಾಗೆ ನೋಡ್ತಿದ್ದೆ. ಅದಕ್ಕೇ ಕೂರ್ತಿದ್ದೆ.” ಸಿಟ್ಟು ಮಾಡಿಕೊಂಡು ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಇವತ್ತು ಬೆಳಗ್ಗೆ, ನೋಡಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿ ಕನ್ನಡಿಯ ಮುಂದೆ ಇವರ ಪಕ್ಕ ನಿಂತೆ. ಇವರು ನನ್ನ ಕಡೆ ತಿರುಗಿ ನಕ್ಕರು. ಟವೆಲ್ ತರುತ್ತೇನೆ ಎಂದು ನಾನು ಹೊರಗೆ ಬಂದುಬಿಟ್ಟೆ. ಟವೆಲ್ ನನ್ನ ಹೆಗಲ ಮೇಲೇ ಇತ್ತು ಕಣೇ, ಇವರಿಗೂ ಕಾಣುತ್ತಿತ್ತು.