ಪಟ್ಟಿಗೆ ನಾನು ಸೇರಿಸಿದ ಹೆಸರು

ಅಕ್ಟೋಬರ್ 19, ಭಾನುವಾರ. ಶಹಾಪುರ

ಧರ್ಮೋಪದೇಶದ ಕ್ಲಾಸು. ಆರು ಮಕ್ಕಳು, ಒಂದೇ ರಬ್ಬರು, ಅದಕ್ಕೇ ಜಗಳ. ನವೆಂಬರ್ ಎರಡಕ್ಕೆ ಮೃತರ ಹಬ್ಬ. "ಪ್ರಭುವೇ, ಅವರಿಗೆ ನಿತ್ಯ ವಿಶ್ರಾಂತಿ ಕೊಡಿ" — ಬಾಯಿಪಾಠ ಮಾಡಿಸಿದೆ. ಸಣ್ಣವಳೊಬ್ಬಳು ಕೇಳಿದಳು: "ನಿತ್ಯ ವಿಶ್ರಾಂತಿ ಅಂದ್ರ ದಿನಾ ಸೂಟಿ ಏನ್ರಿ ಟೀಚರ್?" ದಿನಾ ರಜೆಯಂತೆ! ನಗು ತಡೆಯಲಾಗಲಿಲ್ಲ.

ಒಬ್ಬೊಬ್ಬರಿಗೂ ಒಂದು ಚೀಟಿ. ಮನೆಯಲ್ಲಿ ತೀರಿಕೊಂಡವರ ಹೆಸರು ಬರೆಯಬೇಕು, ಹಬ್ಬದ ಪೂಜೆಯಲ್ಲಿ ಯಾದಗಿರಿಯಿಂದ ಬರುವ ಫಾದರ್ ಓದುತ್ತಾರೆ. ಪರಿಮಳಾ — ಎಂಟು ವರ್ಷ, ಮುತ್ತಿನಂಥ ಅಕ್ಷರ — ತಾಯಿಯ ಹೆಸರೊಂದೇ ಬರೆದಳು. ಅಪ್ಪನದು ಬಿಟ್ಟಿದ್ದಾಳೆ. ಅವಳಪ್ಪ ದೇವಿಂದ್ರ ಮಾರ್ಚ್‌ನಲ್ಲಿ ಪುಣೆಯ ಕಟ್ಟಡವೊಂದರಿಂದ ಬಿದ್ದು ಸತ್ತ. ಮಣ್ಣೂ ಅಲ್ಲೇ ಆಯಿತು. ಪಾಪ, ಮರೆತಿರಬೇಕು ಎಂದುಕೊಂಡೆ. ಪಟ್ಟಿಗೆ ನಾನೇ ಸೇರಿಸಿ ಫಾದರ್ ಕೈಗೆ ಕೊಟ್ಟೆ. ಅರ್ಧಂಬರ್ಧ ಪಟ್ಟಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಅಕ್ಟೋಬರ್ 23, ಸಂಜೆ

ಪರಿಮಳಾಳ ಅಜ್ಜಿ, ಅವಳು ‘ಆಯಿ’ ಎಂದು ಕರೆಯುವ ಕರೆಮ್ಮ, ಬಜಾರಿನಲ್ಲಿ ಸಿಕ್ಕರು. ದೊಡ್ಡ ಉಪಕಾರ ಮಾಡಿದವಳಂತೆ ಹೇಳಿದೆ, ನಿಮ್ಮ ಮಗನ ಹೆಸರೂ ಹಾಕಿದ್ದೇನೆ ಅಂತ. ಅವರ ಮುಖ ಕಪ್ಪಿಟ್ಟಿತು.

"ಏನ್ ಮಾಡಿದ್ರಿ ಟೀಚರ್! ಕೂಸಿಗಿ ಗೊತ್ತಿಲ್ರಿ. ಅಪ್ಪ ಪುಣೆದಾಗ ದುಡ್ಯಾಕತ್ತಾನ ಅಂತ ಹೇಳೀನಿ. ಅವ್ವ ಮೊದ್ಲೇ ಇಲ್ಲ. ಇನ್ನ ಅಪ್ಪನೂ ಇಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ಏಳು ತಿಂಗಳು... ಒಬ್ಬರೇ ನುಂಗಿಕೊಂಡಿದ್ದಾರೆ.

ತೆಗೆಸುತ್ತೇನೆ, ಮಗುವಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಲ್ಲೇ ನಿಂತು ಯಾದಗಿರಿಗೆ ಫೋನ್. ಫಾದರ್ ದೇವಿಂದ್ರನ ಹೆಸರು ಹೊಡೆದುಹಾಕಿದರು. ನನ್ನ ಅಧಿಕಪ್ರಸಂಗಕ್ಕೆ ಇಷ್ಟಾದರೂ ಆಗಬೇಕಿತ್ತು.

ಅಕ್ಟೋಬರ್ 26, ಭಾನುವಾರ

ಕ್ಲಾಸು ಬಿಟ್ಟ ಮೇಲೂ ಪರಿಮಳಾ ಹೋಗಲಿಲ್ಲ. ಚಪ್ಪಲಿ ಹುಡುಕುವ ನೆಪ. ಎಲ್ಲರೂ ಹೋದ ಮೇಲೆ ಮುಷ್ಟಿ ಬಿಚ್ಚಿದಳು. ಚೀಟಿ. ದೇವಿಂದ್ರ ಅಂತ ಬರೆದಿತ್ತು.

"ಯಾರು ಹೇಳಿದ್ರವ್ವ ನಿನಗ?"

"ಯಾರೂ ಹೇಳಿಲ್ರಿ. ಆಯಿ ಫೋನ್‌ದಾಗ ಅಳಾಕತ್ತಿದ್ಳು, ಕೇಳೀನಿ. ಆಕಿಗಿ ಹೇಳಬ್ಯಾಡ್ರಿ ಟೀಚರ್. ನನಗ ಗೊತ್ತೈತಿ ಅಂದ್ರ ಭಾಳ ಅಳ್ತಾಳ."

"ಮತ್ತ ಈ ಚೀಟಿ?"

"ಹೆಸರು ಓದಲಿಲ್ಲಂದ್ರ ಅಪ್ಪಗ ವಿಶ್ರಾಂತಿ ಸಿಗಂಗಿಲ್ಲಲ್ರಿ?"

ನಾನೇ ಕಲಿಸಿದ ಪಾಠ. ಅಜ್ಜಿಗೆ ಹೇಳುವುದಿಲ್ಲ, ದೇವರು ಮನಸ್ಸಿನಲ್ಲಿ ಅಂದದ್ದನ್ನೂ ಕೇಳಿಸಿಕೊಳ್ಳುತ್ತಾನೆ ಎಂದೆ. ನಂಬಿದಳೋ ಇಲ್ಲವೋ. ಅವಳು ಹೋದ ಮೇಲೆ ಬೆಂಚಿನ ಮೇಲೆ ಕೂತು ಅತ್ತೆ. ಅಜ್ಜಿಗೊಂದು ಮಾತು ಕೊಟ್ಟಿದ್ದೇನೆ, ಮೊಮ್ಮಗಳಿಗೊಂದು. ಎರಡೂ ಒಂದೇ ಮಾತು — ಆಕೆಗೆ ಹೇಳುವುದಿಲ್ಲ.

ನವೆಂಬರ್ 2, ಭಾನುವಾರ. ಮಧ್ಯಾಹ್ನ

ಈಗಷ್ಟೇ ಚರ್ಚಿನಿಂದ ಬಂದೆ. ಊಟಕ್ಕೆ ಮನಸ್ಸಿಲ್ಲ.

ಬೆಳಿಗ್ಗೆಯೇ ಫಾದರ್‌ಗೆ ಒಂದು ಕೋರಿಕೆ ಇಟ್ಟಿದ್ದೆ. ಕಾರಣ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಪಟ್ಟಿ ಓದಿದರು. ಪರಿಮಳಾಳ ತಾಯಿಯ ಹೆಸರು ಬಂತು. ಮುಗಿದ ಮೇಲೆ, ನಾನು ಕೇಳಿಕೊಂಡಂತೆ, ಹೇಳಿದರು: "ಇಲ್ಲಿ ಓದದೇ ಉಳಿದವರನ್ನು ಈಗ ಮನಸ್ಸಿನಲ್ಲಿ ನೆನೆಯಿರಿ."

ಎಲ್ಲರೂ ಕಣ್ಣು ಮುಚ್ಚಿದರು. ನಾನು ಪರಿಮಳಾಳ ಬೆಂಚಿನ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಕಣ್ಣು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಪರಿಮಳಾ ಕೈಮುಗಿದು ತುಟಿ ಆಡಿಸಿದಳು. ಸದ್ದಿಲ್ಲ, ಆದರೂ ತಿಳಿಯುತ್ತಿತ್ತು — ದೇ... ವಿಂ... ದ್ರ. ಪಕ್ಕದಲ್ಲಿ ಕರೆಮ್ಮನ ತುಟಿಯಲ್ಲೂ ಅದೇ ಹೆಸರು. ಅವರು ಯಾಕೋ ಕಣ್ಣು ತೆರೆದು ಮೊಮ್ಮಗಳ ಕಡೆ ನೋಡಿದರು. ಅವರ ತುಟಿ ನಿಂತಿತು.

ಬಗ್ಗಿದರು. "ಯಾವಾಗಿಂದ ಗೊತ್ತವ್ವ ನಿನಗ?"

ಪರಿಮಳಾ ಕಣ್ಣು ತೆರೆಯಲಿಲ್ಲ. ತಡಕಾಡಿ ಅಜ್ಜಿಯ ಕೈ ಹಿಡಿದಳು.

"ಅಳಬ್ಯಾಡ ಆಯಿ. ಇಬ್ಬರೂ ಕೂಡಿ ಅಪ್ಪನ ಹೆಸರು ಅನ್ನೂಣು."

ಕರೆಮ್ಮ ಬಾಯಿ ತೆರೆದರು. ಈ ಸಲ ಸದ್ದು ಮಾಡಿಯೇ, ಇಬ್ಬರೂ ಕೂಡಿ ಅಂದರು — ದೇವಿಂದ್ರ.