ರಸ್ತೆ ದಾಟಿದ ಒಂಬತ್ತು ಜನ

ಅಕ್ಕಾ,

ನೀನು ಹೋಗಿ ವರ್ಷವಾದ ಮೇಲೆ ನಿನ್ನ ಅರ್ಜಿಗೆ ಜೀವ ಬಂತು ನೋಡು. ಆಸ್ಪತ್ರೆ ಮುಂದೆ ಜೀಬ್ರಾ ಪಟ್ಟೆ ಬೇಕೆಂದು ಮನೆಮನೆ ಅಲೆದು ಸಹಿ ಹಾಕಿಸಿದ್ದೆಯಲ್ಲ, ಇವತ್ತು ಎಂಜಿನಿಯರ್ ಬಂದು ಒಂದು ಗಂಟೆ ರಸ್ತೆ ದಾಟುವವರನ್ನು ಎಣಿಸಿದರು.

"ಬರೀ ಒಂಬತ್ತು ಜನ. ಇಷ್ಟಕ್ಕೆಲ್ಲ ಪಟ್ಟೆ ಬಳಿಯೋಕಾಗಲ್ಲಮ್ಮ," ಅಂದರು.

ನನಗೆ ಮೈಯೆಲ್ಲ ಉರಿಯಿತು. "ಜೀವಭಯಕ್ಕೆ ಯಾರೂ ದಾಟಲ್ಲ ಸ್ವಾಮಿ, ಅದಕ್ಕೇ ಅಲ್ವಾ ಪಟ್ಟೆ ಕೇಳ್ತಿರೋದು?" ಅಂದೆ.

"ನೀವೂ ಗಂಟೆಯಿಂದ ಈ ಔಷಧಿ ಅಂಗಡಿ ಬಿಟ್ಟು ಅಲ್ಲಾಡಿಲ್ಲ. ನೀವಾದ್ರೂ ದಾಟಬಹುದಿತ್ತಲ್ಲ?" ಅಂತ ಫೈಲು ಮುಚ್ಚಿದರು.

ನೀನು ಹೋದ ದಿನವೂ ನಾನು ಇದೇ ಅಂಗಡಿ ಮುಂದೆ ನಿಂತಿದ್ದೆ. ಇಲ್ಲಿಂದಲೇ ಕೈಬೀಸಿ, "ಗಾಡಿ ಯಾವುದೂ ಇಲ್ಲ, ಬೇಗ ಬಾರೇ," ಅಂತ ರಸ್ತೆಯ ಆಚೆ ಬದಿಯಲ್ಲಿದ್ದ ನಿನ್ನನ್ನು ಕರೆದಿದ್ದೆ.